ನಿಲ್ಲುವುದು ಮುಂದಿನ ವಾರದ ಪಾಠ

ಡಚ್ ನಾಡಿನ ಗ್ರೋನಿಂಗೆನ್ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟು ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಸ್ತಮಾತಾ ಆಗಲೇ ಮೂವರಿಂದ ಬೈಸಿಕೊಂಡಿದ್ದಳು. ಕೆಂಪು ಬಣ್ಣದ ಅಗಲವಾದ ದಾರಿಯೊಂದು ಎದುರಿಗೇ ಇತ್ತು. ನಡೆಯುವವರಿಗೆಂದು ಎಷ್ಟು ಚೆನ್ನಾಗಿ ಮಾಡಿಟ್ಟಿದ್ದಾರಲ್ಲ ಎಂದುಕೊಂಡು, ಎರಡು ಪೆಟ್ಟಿಗೆಗಳನ್ನು ಎಳೆದುಕೊಂಡು ಅದರ ನಡುಮಧ್ಯದಲ್ಲೇ ಹೊರಟಿದ್ದಳು. ಹಿಂದಿನಿಂದ ಗಂಟೆಗಳ ಸದ್ದು ಶುರುವಾಯಿತು. ಕೋಟು ತೊಟ್ಟ ಮುದುಕರೊಬ್ಬರು ಎಡಗಡೆ ಗದರಿಕೊಂಡು ಹೋದರು. ಮುಂದಿನ ಬುಟ್ಟಿಯಲ್ಲಿ ಮಗುವನ್ನೂ ಹಿಂದಿನ ಬುಟ್ಟಿಯಲ್ಲಿ ನಾಯಿಯನ್ನೂ ಕೂರಿಸಿಕೊಂಡ ತಾಯಿಯೊಬ್ಬಳು ಬಲಗಡೆ ಗದರಿಕೊಂಡು ಹೋದಳು. ಮೂರನೆಯವನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಹಾಗಾದರೆ ಸೈಕಲ್ಲನ್ನು ಹಿಡಿದಿರುವುದು ಯಾವ ಕೈ ಎಂದು ಅವಳು ಯೋಚಿಸುವಷ್ಟರಲ್ಲಿ ಅವನೂ ಕಿವಿಯ ಪಕ್ಕದಲ್ಲೇ ಏನೋ ಕಿರುಚಿ ಮಾಯವಾದ. ಅವಳಿಗೆ ಡಚ್ ಬಾರದು. ಆದರೆ ಅದು ಬೈಗುಳವೆಂದು ತಿಳಿಯಲು ಭಾಷೆ ಬರಬೇಕಾಗಿರಲಿಲ್ಲ.

"ಏಯ್! ಅದು ಸೈಕಲ್ ದಾರಿ ಕಣೇ! ಈ ಕಡೆ ಬಾ, ಮೊದಲನೇ ದಿನವೇ ಸಾಯಬೇಡ!"

ಇಂಗ್ಲಿಷಿನಲ್ಲಿ ಹೀಗೆ ಕೂಗಿದವಳು ವೀಟ್ಸ್ಕೆ. ಸ್ತಮಾತಾ ಬಾಡಿಗೆಗೆ ಹಿಡಿದಿದ್ದ ಕೋಣೆಯ ಪಕ್ಕದ ಕೋಣೆಯವಳು, ವೈದ್ಯಕೀಯ ಓದುವವಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಕರೆದೊಯ್ಯಲು ತಾನಾಗಿಯೇ ಬಂದಿದ್ದಳು, ಅದೂ ಹೇಗೆ? ತನ್ನ ಸೈಕಲ್ಲಿನ ಮೇಲೆ ಕುಳಿತು, ಇನ್ನೊಂದು ನೀಲಿ ಸೈಕಲ್ಲನ್ನು ಪಕ್ಕದಲ್ಲಿ ಕರುವಿನ ಹಾಗೆ ನಡೆಸಿಕೊಂಡು.

"ತಗೋ, ಇದು ನಿಂದು. ನಿನ್ನ ಕೋಣೇಲಿ ಮೊದಲಿದ್ದವನು ಬಿಟ್ಟುಹೋಗಿದ್ದು. ಈ ಊರಲ್ಲಿ ಮೊದಲು ಸೈಕಲ್ಲು, ಊಟ ಆಮೇಲೆ. ಪೆಟ್ಟಿಗೆ ನಾನು ತರ್ತೀನಿ, ನೀನು ಹತ್ತು."

ಸ್ತಮಾತಾ ಆ ನೀಲಿ ಸೈಕಲ್ಲನ್ನು ನೋಡಿದಳು. ಅವಳು ಗ್ರೀಸಿನ ಈದ್ರಾ ದ್ವೀಪದವಳು. ಈದ್ರಾದಲ್ಲಿ ಕಸದ ಲಾರಿಯೊಂದನ್ನು ಬಿಟ್ಟರೆ ಗಾಲಿಯ ಮೇಲೆ ಓಡುವುದು ಏನೂ ಇಲ್ಲ. ಕಾರಿಲ್ಲ, ಮೋಟಾರು ಸೈಕಲ್ಲಿಲ್ಲ, ಸೈಕಲ್ಲಿಗೂ ಅಪ್ಪಣೆಯಿಲ್ಲ. ಊರೆಂದರೆ ಕಡಲಿನಿಂದ ಗುಡ್ಡಕ್ಕೆ ಏರುವ ಕಲ್ಲಿನ ಮೆಟ್ಟಿಲು. ಸಿಮೆಂಟು ಮೂಟೆಯಿಂದ ಹಿಡಿದು ಮದುವಣಗಿತ್ತಿಯವರೆಗೆ ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆಯೇ ಹೋಗಬೇಕು. ಅವಳ ಅಪ್ಪನದೂ ಅದೇ ಕೆಲಸ. ಹೇಸರಗತ್ತೆಯನ್ನು ಅವಳು ಕಣ್ಣು ಮುಚ್ಚಿ ಏರಬಲ್ಲಳು. ಸೈಕಲ್ಲನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವಳಲ್ಲ.

ಇಷ್ಟನ್ನು ಆಗಲೇ ಹೇಳಿಬಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ಸೀಟಿನ ಮೇಲೆ ಸಲೀಸಾಗಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದ ಆ ಎತ್ತರದ ಹುಡುಗಿಯ ಮುಂದೆ ಅವಳ ನಾಲಗೆ ಏಳಲಿಲ್ಲ.

"ರೈಲಲ್ಲಿ ಕೂತು ಕೂತು ಸೊಂಟ ಹಿಡಿದಿದೆ. ನಡ್ಕೊಂಡೇ ಬರ್ತೀನಿ," ಎಂದಳು.

"ಸೊಂಟ ಹಿಡಿದಿದ್ರೆ ಸೈಕಲ್ಲೇ ಒಳ್ಳೇದು."

"ನಮ್ಮ ಕಡೆ ಸೊಂಟಕ್ಕೆ ನಡಿಗೇನೇ ಮದ್ದು."

ಹೀಗೆ ಅವಳು ಕಾಲುವೆಯ ದಂಡೆಯುದ್ದಕ್ಕೂ ನೀಲಿ ಸೈಕಲ್ಲನ್ನು ಮೂಗುದಾರ ಹಿಡಿದಂತೆ ಹಿಡಿದುಕೊಂಡು ಮನೆ ಸೇರಿದಳು. ಪೆಡಲು ಮೊಣಕಾಲಿಗೆ ಬಡಿದಾಗಲೆಲ್ಲ ಹೇಸರಗತ್ತೆಗೆ ಹೇಳುವ ಮಾತನ್ನೇ ಅದಕ್ಕೂ ಹೇಳಿದಳು.

ಮರುದಿನ ತರಗತಿ. ಸ್ತಮಾತಾ ಓದಲು ಬಂದದ್ದು ಕಡಲಂಚಿನ ಉಪ್ಪು ಜವುಗು, ಅಲ್ಲಿನ ಗಿಡ, ಅಲ್ಲಿಗೆ ಬರುವ ಹಕ್ಕಿ, ಇವುಗಳ ವಿಷಯ. ಕಲಿಸುವವರು ಬೂಲೋ ತಾಮ್ಮೆಸ್ ಎಂಬ ಬಿಳಿ ಹುಬ್ಬಿನ ಮೇಷ್ಟ್ರು. ಮಾತಾಡುವಾಗ ಕಿಟಕಿಯ ಆಚೆಗೆ ನೋಡುತ್ತ, ಹಕ್ಕಿ ಕಂಡರೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಅದರ ಹೆಸರು ಹೇಳುತ್ತಿದ್ದರು.

"ಈ ಶುಕ್ರವಾರ ಕಡಲಿಗೆ ಹೋಗೋಣ. ಪುಸ್ತಕ ಆಮೇಲೆ ಓದಿದರಾಯ್ತು, ಮೊದಲು ಕೆಸರು ನೋಡಿ. ಉಸ್ಕ್ವರ್ಟ್‌ವರೆಗೆ ರೈಲು, ಅಲ್ಲಿಂದ ಕಡಲ ಕಟ್ಟೆಯವರೆಗೆ ಸೈಕಲ್ಲು." ಆಮೇಲೆ ನಗುತ್ತ ಕೇಳಿದರು, "ಸೈಕಲ್ ಬಾರದವರು ಯಾರೂ ಇಲ್ಲ ತಾನೆ?"

ತರಗತಿಯಿಡೀ ನಕ್ಕಿತು. ಈಜು ಬಾರದ ಮೀನು ಇದೆಯೇ ಎಂದು ಕೇಳಿದ ಹಾಗಿತ್ತು ಆ ಪ್ರಶ್ನೆ. ಸ್ತಮಾತಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಂದು ಸಂಜೆ ಮನೆಯ ಹಿಂದಿನ ಓಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಅವಳು ಸೈಕಲ್ಲಿಗೆ ಕಾಲು ಹಾಕಿದಳು. ಎಲ್ಲರೂ ಮಾಡುವುದೇ ಅಲ್ಲವೇ, ಹತ್ತುವುದು, ತುಳಿಯುವುದು. ಹತ್ತಿದಳು. ತುಳಿದಳು. ಸೈಕಲ್ಲು ಒಂದು ಕ್ಷಣ ಯೋಚಿಸಿ ಎಡಕ್ಕೆ ತಿರುಗಿ ಪಕ್ಕದ ಮನೆಯವರ ಖಾಲಿ ಬಾಟಲಿಗಳ ಡಬ್ಬಿಗೆ ನುಗ್ಗಿತು. ಓಣಿಯ ಎಲ್ಲ ಕಿಟಕಿಗಳೂ ತೆರೆದುಕೊಂಡವು. ಒಂದರಲ್ಲಿ ವೀಟ್ಸ್ಕೆಯ ಮುಖ.

"ಸೊಂಟ ಹೇಗಿದೆ?" ಎಂದಳು ವೀಟ್ಸ್ಕೆ.

ಸ್ತಮಾತಾ ಬಾಟಲಿಗಳ ನಡುವೆ ಕುಳಿತೇ ಎಲ್ಲವನ್ನೂ ಒಪ್ಪಿಕೊಂಡಳು. ದ್ವೀಪ, ಮೆಟ್ಟಿಲು, ಹೇಸರಗತ್ತೆ, ಮೇಷ್ಟ್ರ ಪ್ರಶ್ನೆ, ತನ್ನ ನಗು. ವೀಟ್ಸ್ಕೆ ಕೆಳಗಿಳಿದು ಬಂದು ಮೊದಲು ಮೊಣಕೈಯ ಗಾಯಕ್ಕೆ ಪಟ್ಟಿ ಹಾಕಿದಳು, ಆಮೇಲೆ ಗೋಡೆಗೊರಗಿ ಮನಸಾರೆ ನಕ್ಕಳು.

"ಬಾರದು ಅಂದಿದ್ರೆ ಏನಾಗ್ತಿತ್ತು, ಮಾರಾಯ್ತಿ?"

"ನೀವೆಲ್ಲ ಹುಟ್ಟುವಾಗಲೇ ಸೈಕಲ್ ಮೇಲೆ ಬಂದವರ ಹಾಗಿದ್ದೀರ. ಹೇಗೆ ಹೇಳೋದು? ನಡೆಯೋಕೆ ಬರಲ್ಲ ಅಂದ ಹಾಗಾಗುತ್ತೆ."

"ಸರಿ, ನಾಳೆ ಬೆಳಿಗ್ಗೆ ಎದ್ದು ನನ್ನ ಜೊತೆ ಬಾ. ನಿನ್ನಂಥವರಿಗೆ ಅಂತಲೇ ಒಂದು ಜಾಗ ಇದೆ."

ಆ ಜಾಗವೆಂದರೆ ಒಂದು ಶಾಲೆಯ ಹಿಂದಿನ ಅಂಗಳ. ಬೇರೆ ಬೇರೆ ದೇಶಗಳಿಂದ ಬಂದು ಈ ಊರಿನಲ್ಲಿ ನೆಲೆ ನಿಂತ ಹೆಂಗಸರಿಗೆ ಅಲ್ಲಿ ಸೈಕಲ್ ಕಲಿಸುತ್ತಿದ್ದರು. ಕಲಿಸುವಾಕೆ ರೂಲ್ಫೀನ್. ಒಂದು ಕಾಲದಲ್ಲಿ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದವಳು. ಈಗಲೂ ಕೊಳದ ಆಚೆ ದಡಕ್ಕೆ ಕೇಳಿಸಬೇಕೆಂಬಂತೆಯೇ ಮಾತಾಡುತ್ತಿದ್ದಳು.

"ಎಷ್ಟು ವಯಸ್ಸು?"

"ಇಪ್ಪತ್ತು."

"ಅಯ್ಯೋ, ಕೂಸು! ಇಲ್ಲಿ ಎಲ್ಲರೂ ಮೊಮ್ಮಕ್ಕಳನ್ನ ಕಂಡವರು. ಬಾ, ಲೇತೆಬ್ರಹಾನ್ ಪಕ್ಕ ನಿಂತ್ಕೋ. ಲೇತೆ, ಇವಳಿಗೆ ಧೈರ್ಯ ಹೇಳು."

ಲೇತೆಬ್ರಹಾನ್ ಎರಿಟ್ರಿಯಾದವಳು, ಬಿಳಿ ಶಾಲು ಹೊದ್ದ ದಪ್ಪನೆಯ ಹೆಂಗಸು. ಸೈಕಲ್ಲಿನ ಹಿಡಿಕೆಯನ್ನು ಕಳ್ಳನ ಕೊರಳಪಟ್ಟಿ ಹಿಡಿದಂತೆ ಹಿಡಿದಿದ್ದಳು.

"ಧೈರ್ಯ ಏನು ಹೇಳೋದು?" ಎಂದಳು. "ನಾನು ಹೋದ ವಾರ ಆ ಬೇಲಿ ಒಳಗೆ ಹೋದೆ. ಅದರ ಹಿಂದಿನ ವಾರವೂ ಅದೇ ಬೇಲಿ. ಆ ಬೇಲಿ ಕಣ್ಣು ನನ್ನ ಮೇಲೆ ಬಿದ್ದಿದೆ ಮಗಳೇ, ನೀನು ಈ ಕಡೆ ಹೋಗು."

ಮೊದಲು ಪೆಡಲೇ ಇಲ್ಲ. ಸೀಟನ್ನು ಕೆಳಗಿಳಿಸಿ, ಎರಡೂ ಕಾಲಿನಿಂದ ನೆಲವನ್ನು ತಳ್ಳಿಕೊಂಡು ಹೋಗುವುದು. ಬಾತುಕೋಳಿಗಳ ಸಾಲಿನ ಹಾಗೆ ಹೆಂಗಸರೆಲ್ಲ ಅಂಗಳ ಸುತ್ತಿದರು. "ಚಕ್ರ ನೋಡಬೇಡಿ! ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ!" ಎಂದು ರೂಲ್ಫೀನ್ ಕೂಗುತ್ತಲೇ ಇದ್ದಳು. ಸ್ತಮಾತಾಳಿಗೆ ಸಮತೋಲ ಬೇಗ ಸಿಕ್ಕಿತು. ಚಿಕ್ಕಂದಿನಿಂದ ಮೂಟೆಗಳ ಮೇಲೆ ಕುಳಿತು ಮೆಟ್ಟಿಲಿಳಿದ ಮೈ ಅದು. ಮಧ್ಯಾಹ್ನಕ್ಕೆ ಪೆಡಲು ಹಾಕಿಸಿಕೊಂಡಳು. ಗುರುವಾರ ಬೆಳಿಗ್ಗೆ ಮತ್ತೆ ಹೋದಾಗ, ರೂಲ್ಫೀನ್ ಸೀಟು ಹಿಡಿದುಕೊಂಡು ಜೊತೆಗೇ ಓಡಿ, ಯಾವಾಗಲೋ ಕೈ ಬಿಟ್ಟಿದ್ದಳು. ಸ್ತಮಾತಾ ಒಬ್ಬಳೇ ಅಂಗಳವನ್ನು ಸುತ್ತುತ್ತಿದ್ದಳು! ಹೆಂಗಸರು ಚಪ್ಪಾಳೆ ತಟ್ಟಿದರು. ಲೇತೆಬ್ರಹಾನ್ ನಾಲಗೆ ಆಡಿಸಿ ತನ್ನ ನಾಡಿನ ಮದುವೆಮನೆಯ ಕೂಗು ಹಾಕಿದಳು.

"ಈಗ ನಿಲ್ಲು, ಸ್ತಮಾತಾ!" ಎಂದಳು ರೂಲ್ಫೀನ್.

ಅಲ್ಲಿಗೆ ಬಂತು ಎಡವಟ್ಟು. ಅಲ್ಲಿನ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಅವಳು ತುಳಿದಳು, ಸೈಕಲ್ಲೂ ನಿಂತಿತು. ಆದರೆ ನಿಂತ ಮೇಲೆ ನೆಲಕ್ಕೆ ಊರಬೇಕೆಂಬುದು ಕಾಲಿಗೆ ನೆನಪಾಗುವಷ್ಟರಲ್ಲಿ ಅವಳೇ ನೆಲದ ಮೇಲಿದ್ದಳು. ಮತ್ತೊಮ್ಮೆ ಹತ್ತಿದಳು, ಸುತ್ತಿದಳು, ಬಿದ್ದಳು.

"ಸ್ತಮಾತಾ! ಕಾಲು! ಸ್ತಮಾತಾ!"

ಬಿದ್ದಲ್ಲೇ ಸ್ತಮಾತಾ ನಗತೊಡಗಿದಳು. "ನೀವು ಕೂಗ್ತಿರೋದು ಏನು ಗೊತ್ತಾ? ನಮ್ಮ ಭಾಷೇಲಿ ನನ್ನ ಹೆಸರಿನ ಅರ್ಥವೇ 'ನಿಲ್ಲು' ಅಂತ. ಮೂರು ಹೆಣ್ಣಾದ ಮೇಲೆ ನಾಲ್ಕನೇದೂ ನಾನು ಹೆಣ್ಣೇ. ಸಾಕು, ಇನ್ನು ನಿಲ್ಲಲಿ ಅಂತ ನಮ್ಮಜ್ಜಿ ಇಟ್ಟ ಹೆಸರು."

"ನಿಂತಿತಾ?"

"ಎಲ್ಲಿ? ನನ್ನ ಬೆನ್ನಿಗೆ ಇನ್ನೂ ಇಬ್ಬರು."

ಲೇತೆಬ್ರಹಾನ್‌ಗೆ ನಗು ತಡೆಯಲಾಗದೆ ದೀಪದ ಕಂಬ ಹಿಡಿದುಕೊಳ್ಳಬೇಕಾಯಿತು. "ಇಂಥ ಹೆಸರು ನಮ್ಮಲ್ಲೂ ಇವೆ ಮಗಳೇ. ಅವೂ ಏನೂ ಕೆಲಸ ಮಾಡಲ್ಲ."

ಆ ಕಂಬವೇ ಕೊನೆಗೆ ದಾರಿ ತೋರಿಸಿತು. ಮೆಲ್ಲಗೆ ಬಂದು ಕಂಬವನ್ನು ತಬ್ಬಿಕೊಂಡರೆ ಬೀಳದೆ ಇಳಿಯಬಹುದಿತ್ತು. ಗೋಡೆಯಾದರೂ ಆದೀತು, ಕಟಕಟೆಯಾದರೂ ಆದೀತು. ಸ್ತಮಾತಾ ಅಷ್ಟಕ್ಕೆ ತೃಪ್ತಳಾದಳು. ರೂಲ್ಫೀನ್ ಆಗಲಿಲ್ಲ.

"ಇದು ನಿಲ್ಲೋದಲ್ಲ, ಡಿಕ್ಕಿ. ನಿಲ್ಲೋದು ಮುಂದಿನ ವಾರದ ಪಾಠ."

"ನನ್ನ ಪ್ರವಾಸ ನಾಳೇನೇ ಇದೆ."

ರೂಲ್ಫೀನ್ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. "ಹಾಗಾದ್ರೆ ನಿಮ್ಮ ಮೇಷ್ಟ್ರಿಗೆ ಇವತ್ತೇ ಹೇಳಿಬಿಡು. ಹೇಳಲ್ವಾ? ಹೇಳಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ. ಸರಿ, ಹಾಗಾದ್ರೆ ನಿಲ್ಲಬೇಡ."

ಅಂದು ಸಂಜೆ ಅಪ್ಪ ಫೋನು ಮಾಡಿದ. ಹಿಂದೆ ಹೇಸರಗತ್ತೆಗಳ ಕೊರಳಗಂಟೆ, ಬಂದರಿನ ಗದ್ದಲ. ಸ್ತಮಾತಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಇಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಕತ್ತಲಾಗುವ ಮೊದಲೇ ಉಂಡು, ಪರದೆ ಎಳೆಯದ ಕಿಟಕಿಗಳ ಹಿಂದೆ ಸುಮ್ಮನೆ ಕೂತುಬಿಡುತ್ತಿದ್ದರು. ಬೀದಿಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ.

"ಊಟ ಮಾಡಿದ್ಯಾ?"

"ಮಾಡಿದೆ. ಬ್ರೆಡ್ಡು."

"ಮಧ್ಯಾಹ್ನ?"

"ಬ್ರೆಡ್ಡು."

"ಅಯ್ಯೋ ದೇವರೇ. ಮತ್ತೇನು ಸಮಾಚಾರ?"

ಹೇಳಿದಳು. ಅಪ್ಪ ಗಂಭೀರವಾಗಿ ಕೇಳಿದ, "ಅದನ್ನ ಯಾವ ಕಡೆಯಿಂದ ಹತ್ತೋದು?"

"ಎಡಗಡೆಯಿಂದ."

"ಇಳಿಯೋದು?"

"ಅದೇ ಗೊತ್ತಿಲ್ಲ, ಅಪ್ಪ."

"ನೋಡು, ಹೇಸರಗತ್ತೆ ಓಡಿದ್ರೆ ಏನು ಮಾಡ್ತೀವಿ? ಏರಿಗೆ ತಿರುಗಿಸ್ತೀವಿ. ತಾನಾಗೇ ನಿಲ್ಲುತ್ತೆ. ಒಂದು ಏರು ನೋಡ್ಕೋ."

"ಅಪ್ಪ, ಈ ದೇಶದಲ್ಲಿ ಏರೇ ಇಲ್ಲ. ರೊಟ್ಟಿ ಕಲ್ಲಿನ ಹಾಗಿದೆ."

"ಏರಿಲ್ಲದ ದೇಶಾನಾ?" ಅಪ್ಪನ ದನಿಯಲ್ಲಿ ನಿಜವಾದ ಮರುಕವಿತ್ತು. "ಪಾಪ, ಹೇಗೆ ಬದುಕ್ತಾರೋ."

ಶುಕ್ರವಾರ ಗಾಳಿಯೆಂದರೆ ಗಾಳಿ. ಉಸ್ಕ್ವರ್ಟ್ ನಿಲ್ದಾಣದಲ್ಲಿ ರೈಲಿನಿಂದ ಸೈಕಲ್ಲುಗಳನ್ನು ಇಳಿಸಿಕೊಂಡು ತರಗತಿಯವರೆಲ್ಲ ಹೊರಟು ನಿಂತರು. ಸ್ತಮಾತಾ ಶೂಸಿನ ದಾರ ಕಟ್ಟುವ ನೆಪ ಮಾಡಿ ಹಿಂದೆ ಉಳಿದು, ನಿಲ್ದಾಣದ ಕಟಕಟೆ ಹಿಡಿದುಕೊಂಡು ಸೈಕಲ್ ಹತ್ತಿ, ತನ್ನನ್ನು ತಾನೇ ತಳ್ಳಿಕೊಂಡಳು. ಚಕ್ರ ಎರಡು ಸಲ ಅತ್ತಿತ್ತ ಹೊಯ್ದಾಡಿ ನೆಟ್ಟಗಾಯಿತು. ಆಹಾ! ಅಷ್ಟರಮಟ್ಟಿಗೆ ಗೆದ್ದಂತೆ.

ಆದರೆ ಉಳಿದವರು ಇಬ್ಬಿಬ್ಬರಾಗಿ, ಹರಟುತ್ತ, ನಿಧಾನವಾಗಿ ಹೋಗುತ್ತಿದ್ದರು. ನಿಧಾನವಾಗಿ ಹೋಗುವುದೂ ಒಂದು ವಿದ್ಯೆಯೆಂದು ಅವಳಿಗೆ ಗೊತ್ತಿರಲಿಲ್ಲ. ನಿಧಾನ ಮಾಡಿದರೆ ಸೈಕಲ್ಲು ಕುಡಿದವರಂತೆ ತೂರಾಡುತ್ತಿತ್ತು. ಆದ್ದರಿಂದ ಅವಳು ಜೋರಾಗಿ ತುಳಿದಳು. ಒಂದು ಜೋಡಿಯನ್ನು ದಾಟಿದಳು, ಇನ್ನೊಂದನ್ನು ದಾಟಿದಳು, ಕೊನೆಗೆ ಎಲ್ಲರ ಮುಂದಿದ್ದ ತಾಮ್ಮೆಸ್ ಮೇಷ್ಟ್ರನ್ನೂ ದಾಟಿದಳು.

"ಒಳ್ಳೇ ಹುರುಪು!" ಎಂದರು ಮೇಷ್ಟ್ರು.

ಸ್ವಲ್ಪ ದೂರದಲ್ಲಿ ಒಂದು ಹಳೆಯ ಇಗರ್ಜಿ. ಅದರ ಇತಿಹಾಸ ಹೇಳಲು ಅಲ್ಲಿ ಎಲ್ಲರೂ ನಿಲ್ಲಬೇಕೆಂದು ಮೊದಲೇ ಗೊತ್ತಾಗಿತ್ತು. ಸ್ತಮಾತಾ ಕಂಬವೇನಾದರೂ ಇದೆಯೇ ಎಂದು ಕಣ್ಣಾಡಿಸಿದಳು. ಇಲ್ಲ. ಗೋಡೆ ಇತ್ತು, ಗೋಡೆಗೂ ದಾರಿಗೂ ನಡುವೆ ನೀರು ತುಂಬಿದ ಹಳ್ಳ. ಇಗರ್ಜಿ ಬಂತು, ಹೋಯಿತು.

"ಏಯ್! ಎಲ್ಲಿಗೆ? ಇಲ್ಲೇ ನಿಲ್ಲಬೇಕು!" ಹಿಂದಿನಿಂದ ಮೇಷ್ಟ್ರ ಕೂಗು.

"ಮುಂದೆ ಸಿಗ್ತೀನಿ!" ಎಂದು ಅವಳು ತಿರುಗದೆಯೇ ಕೂಗಿದಳು. ತಿರುಗಿದ್ದರೆ ಹಳ್ಳವೇ ಗತಿ.

ಆಮೇಲೆ ದಾರಿಯಲ್ಲಿ ಅವಳೊಬ್ಬಳೇ. ಎರಡೂ ಕಡೆ ಬೀಟ್ ಗೆಡ್ಡೆಯ ಹೊಲಗಳು, ಮೇಲೆ ಓಡುವ ಮೋಡ, ಎದುರಿಗೆ ಎದೆ ಕೊಟ್ಟು ತಳ್ಳುವ ಗಾಳಿ. ಮೊದಮೊದಲು ಹಲ್ಲು ಕಚ್ಚಿಕೊಂಡು, ಗೊತ್ತಿದ್ದ ಸಂತರನ್ನೆಲ್ಲ ಹೆಸರು ಹಿಡಿದು ಕರೆಯುತ್ತ ತುಳಿದಳು. ಎದುರಿಗೆ ಟ್ರಾಕ್ಟರೊಂದು ಬಂದಾಗ ಕಣ್ಣು ಮುಚ್ಚಬೇಕೆನಿಸಿತು. ಮುಚ್ಚದೆ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿದಳು. ಟ್ರಾಕ್ಟರಿನವನು ಒಂದು ಬೆರಳೆತ್ತಿ "ಮೋಯ್" ಎಂದ. ಆ ಸೀಮೆಯಲ್ಲಿ ನಮಸ್ಕಾರವೂ ಅದೇ, ಹೋಗಿಬರುತ್ತೇನೆಯೂ ಅದೇ. "ಮೋಯ್!" ಎಂದು ಇವಳೂ ಕೂಗಿದಳು. ಈ ಊರಿಗೆ ಬಂದ ಮೇಲೆ ದಾರಿಯಲ್ಲಿ ಅವಳನ್ನು ಮಾತಾಡಿಸಿದ ಮೊದಲ ಮನುಷ್ಯ ಅವನು, ಬೈದವರನ್ನು ಬಿಟ್ಟರೆ.

ಅದಾದ ಮೇಲೆ ಭಯ ಎಲ್ಲೋ ಉದುರಿಹೋಯಿತು. ಕಾಲು ತಾನಾಗಿ ತಿರುಗುತ್ತಿತ್ತು. ಕೂದಲು ಹಾರುತ್ತಿತ್ತು. ಈದ್ರಾದಲ್ಲಿ ಎಲ್ಲಿಗೇ ಹೋದರೂ ಒಂದೊಂದು ಮೆಟ್ಟಿಲನ್ನೂ ಮೈಯೇ ಹೊರಬೇಕು. ಇಲ್ಲಿ ನೆಲವೇ ಕೆಳಗಿನಿಂದ ಜಾರಿಕೊಂಡು ಹೋಗುತ್ತಿತ್ತು. ಯಾರೂ ಕೇಳುವವರಿಲ್ಲದ್ದರಿಂದ ಅವಳು ಗಂಟಲು ತೆಗೆದು ಒಂದು ಹಾಡನ್ನೂ ಹಾಡಿದಳು.

ಹೀಗೆ ಹೋಗುತ್ತಿರುವಾಗ ಹೊಲಗಳ ಕೊನೆಯಲ್ಲಿ ಒಂದು ಹಸಿರು ಗೋಡೆ ಎದ್ದಿತು. ಕಡಲ ಕಟ್ಟೆ. ಹುಲ್ಲು ಬೆಳೆದ ಉದ್ದನೆಯ ದಿಬ್ಬ, ಅದರ ತುಂಬ ಕುರಿಗಳು. ದಾರಿ ನೇರವಾಗಿ ಆ ದಿಬ್ಬವನ್ನು ಹತ್ತುತ್ತಿತ್ತು.

"ಏರು! ಅಪ್ಪ, ಏರು!" ಎಂದು ಸ್ತಮಾತಾ ಗಟ್ಟಿಯಾಗಿಯೇ ಹೇಳಿದಳು.

ಸೈಕಲ್ಲು ಏರಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು, ಹುಲ್ಲಿನ ಕಡೆಗೆ ವಾಲಿತು. ಅವಳು ಅದರ ಜೊತೆಗೇ ಮೆಲ್ಲಗೆ, ಮೂಟೆ ಇಳಿಸಿದಂತೆ, ಹುಲ್ಲಿನ ಮೇಲೆ ಉರುಳಿದಳು. ಕುರಿಯೊಂದು ಹತ್ತಿರ ಬಂದು ಮೂಸಿ ನೋಡಿ ಹೋಯಿತು.

ಉಸಿರು ಹಿಂತಿರುಗಿದ ಮೇಲೆ ಎದ್ದು ದಿಬ್ಬದ ನೆತ್ತಿಗೆ ಹೋದಳು. ವಾರವಿಡೀ ಕಡಲಿಗಾಗಿ ಜೀವ ಹಂಬಲಿಸಿತ್ತು. ನೆತ್ತಿಯಿಂದ ಆಚೆ ನೋಡಿದರೆ ಕಡಲೇ ಇಲ್ಲ! ಕಣ್ಣು ಹಾಯುವಷ್ಟು ದೂರ ಹೊಳೆಯುವ ಬೂದು ಕೆಸರು. ಅದರ ಮೇಲೆ ಸಾವಿರಾರು ಹಕ್ಕಿಗಳು ತಲೆ ತಗ್ಗಿಸಿ ಏನನ್ನೋ ಹುಡುಕುತ್ತಿದ್ದವು. ಅವಳು ಅಲ್ಲೇ ಕುಳಿತು ಬೆರಗಾಗಿ ನೋಡಿದಳು. ಅವಳ ಊರಿನ ಕಡಲು ಮನೆಯ ಹಸುವಿನ ಹಾಗೆ, ಕಟ್ಟಿದಲ್ಲಿಂದ ಕದಲದು. ಇದು ಎಲ್ಲಿಗೆ ಮೇಯಲು ಹೋಗಿದೆಯೋ!

ತಾಮ್ಮೆಸ್ ಮೇಷ್ಟ್ರು ಬಂದಾಗ ಅವರ ಮುಖ ಕೆಂಪಾಗಿತ್ತು. ಇಗರ್ಜಿಯ ಇತಿಹಾಸವನ್ನು ಅರ್ಧಕ್ಕೆ ಬಿಟ್ಟು ಅವಳ ಹಿಂದೆಯೇ ಬಂದಿದ್ದರು. ಹಿಂದೆ ಒಬ್ಬೊಬ್ಬರಾಗಿ ತರಗತಿಯವರು ಏದುಸಿರು ಬಿಡುತ್ತ ಬಂದರು.

"ಇದೇನು ಪಂದ್ಯವಾ? ಕರೆದರೂ ನಿಲ್ಲಲ್ಲ ಅಂದ್ರೆ ಏನರ್ಥ?"

ಸ್ತಮಾತಾ ಎದ್ದು ನಿಂತಳು. ಇನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಪ್ರಯೋಜನವಿರಲಿಲ್ಲ.

"ನಿಲ್ಲೋಕೆ ಬರಲ್ಲ, ಸರ್."

"ಏನು?"

"ಸೈಕಲ್ ನಿಲ್ಲಿಸೋಕೆ ಬರಲ್ಲ. ಹೊಡೆಯೋದು ನಿನ್ನೆ ಕಲಿತೆ. ನಿಲ್ಲೋದು ಮುಂದಿನ ವಾರದ ಪಾಠ."

ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. "ಟ್ರಾಕ್ಟರು ಓಡಾಡೋ ದಾರಿ ಇದು. ಏನಾದ್ರೂ ಆಗಿದ್ರೆ? ಒಂದು ಮಾತು ಹೇಳಿದ್ರೆ ಇಬ್ಬರು ತುಳಿಯೋ ಜೋಡಿ ಸೈಕಲ್ ತರಿಸ್ತಿದ್ದೆ, ನನ್ನ ಹಿಂದೆ ಕೂರಿಸ್ಕೊಂಡಾದ್ರೂ ಬರ್ತಿದ್ದೆ." ನಿಜವಾಗಿ ಹೆದರಿದ್ದರು ಅವರು. ಅದು ಕಂಡು ಸ್ತಮಾತಾಳಿಗೆ ನಾಚಿಕೆಯಾಯಿತು.

"ತಪ್ಪಾಯ್ತು, ಸರ್. ನೀವು ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ."

ಮೇಷ್ಟ್ರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ತಾವು ಕೇಳಿದ ರೀತಿ ಅವರಿಗೆ ನೆನಪಾಗಿರಬೇಕು. "ಹಾಗೆ ಕೇಳಿದ್ರೆ ಯಾರು ತಾನೇ ಕೈ ಎತ್ತುತ್ತಾರೆ," ಎಂದು ಗೊಣಗಿದರು. ಆಮೇಲೆ ಗಾಳಿ ಬೀಸುವ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದರು. "ಈ ಗಾಳೀಲಿ, ನಿನ್ನೆ ಕಲಿತವಳು, ನನಗಿಂತ ಮೊದಲು ಬಂದ್ಯಾ?"

"ಬೇರೆ ದಾರಿ ಇರಲಿಲ್ಲ, ಸರ್."

ಈಗ ಅವರೂ ನಕ್ಕರು. ಅವರು ನಕ್ಕದ್ದೇ ತಡ, ಎಲ್ಲರೂ ಹುಲ್ಲಿನ ಮೇಲೆ ಬಿದ್ದು ನಕ್ಕರು. ಸ್ತಮಾತಾ ಚೀಲದಿಂದ ಅಮ್ಮ ಕೊಟ್ಟಿದ್ದ ಬಾದಾಮಿ ಮಿಠಾಯಿಯ ಡಬ್ಬಿ ತೆಗೆದು ಹಂಚಿದಳು. ತಿನ್ನುತ್ತ ಕೂತಿದ್ದಾಗ ಮೇಷ್ಟ್ರು ಮಾತು ನಿಲ್ಲಿಸಿ, "ಭರತ ಬರ್ತಿದೆ, ನೋಡಿ," ಎಂದು ಕೈ ಚಾಚಿದರು. ದೂರದಲ್ಲಿ ಕೆಸರಿನ ಮೇಲೆ ಬೆಳ್ಳಿಗೆರೆಯೊಂದು ಮೂಡಿತ್ತು. ಅದು ಅಗಲವಾಯಿತು, ಸಣ್ಣ ಸಣ್ಣ ಕಾಲುವೆಗಳಲ್ಲಿ ನುಗ್ಗಿತು, ಹಕ್ಕಿಗಳನ್ನು ಸಾಲು ಸಾಲಾಗಿ ಮುಂದಕ್ಕೆ ಅಟ್ಟಿಕೊಂಡು ಬಂತು. ಹೋದ ಕಡಲು ತಿರುಗಿ ಬರುವುದನ್ನು ಸ್ತಮಾತಾ ಅದೇ ಮೊದಲು ನೋಡಿದ್ದು. ಕೈಯಲ್ಲಿದ್ದ ಮಿಠಾಯಿಯನ್ನು ಬಾಯಿಗಿಡುವುದನ್ನೇ ಮರೆತಳು.

ಹಿಂತಿರುಗುವ ಮೊದಲು ತರಗತಿಯವರೆಲ್ಲ ಸೇರಿ ಅವಳಿಗೆ ನಿಲ್ಲುವುದನ್ನು ಕಲಿಸಲು ಹೊರಟರು. ಒಬ್ಬ ಎಡಗಾಲು ಎಂದರೆ ಇನ್ನೊಬ್ಬಳು ಬಲಗಾಲು ಎಂದಳು. ಒಬ್ಬ ಮೊದಲು ಬ್ರೇಕು ಎಂದ, ಇನ್ನೊಬ್ಬ ಸೀಟಿನಿಂದ ಮುಂದಕ್ಕೆ ಜಾರು ಎಂದ. ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನು ಹೇಗೆ ಮಾಡುತ್ತೇವೆಂದು ಹೇಳಲು ಅವರಲ್ಲಿ ಯಾರಿಗೂ ಬರಲಿಲ್ಲ. ಹೇಳಿ ತೋರಿಸಲು ಹೋಗಿ ಒಬ್ಬ ತಾನೇ ಬಿದ್ದ.

"ಬಿಡಿ, ಬಿಡಿ, ತಲೆ ಕೆಡಿಸಬೇಡಿ ಅವಳದು," ಎಂದರು ಮೇಷ್ಟ್ರು. "ನನ್ನ ಪಕ್ಕದಲ್ಲೇ ಬಾ. ನಿಲ್ಲಬೇಕಾದಾಗ ನನ್ನ ಹೆಗಲು ಹಿಡ್ಕೋ."

ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ಮೇಷ್ಟ್ರು ಪಕ್ಕದಲ್ಲಿ ಹಕ್ಕಿಗಳ ಹೆಸರು ಹೇಳುತ್ತ ಬಂದರು. ಎರಡು ಕಡೆ ನಿಲ್ಲಬೇಕಾಯಿತು. ಎರಡು ಸಲವೂ ಅವರ ಕೋಟಿನ ಹೆಗಲು ಕಿತ್ತುಬರುವಂತೆ ಹಿಡಿದಳು. ಉಸ್ಕ್ವರ್ಟ್ ನಿಲ್ದಾಣ ಹತ್ತಿರವಾದಾಗ ಮೇಷ್ಟ್ರು ಸ್ವಲ್ಪ ಮುಂದಾದರು. ಹೆಗಲು ಕೈಗೆ ಸಿಗಲಿಲ್ಲ. ಸ್ತಮಾತಾ ಪೆಡಲನ್ನು ಹಿಂದಕ್ಕೆ ಒತ್ತಿದಳು, ಸೀಟಿನಿಂದ ಜಾರಿದಳು, ಎಡಗಾಲೋ ಬಲಗಾಲೋ ಯಾವುದೋ ಒಂದು ತಾನಾಗಿ ನೆಲಕ್ಕಿಳಿಯಿತು.

ನಿಂತಿದ್ದಳು! ಕಂಬವಿಲ್ಲ, ಗೋಡೆಯಿಲ್ಲ, ಹೆಗಲಿಲ್ಲ.

ಸುತ್ತ ನೋಡಿದಳು. ಎಲ್ಲರೂ ಆಗಲೇ ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವ ಕಡೆಗೆ ತಿರುಗಿ ನಿಂತಿದ್ದರು. ನೋಡಿದ್ದು ಮೇಷ್ಟ್ರೊಬ್ಬರೇ.

"ಸರ್! ನೋಡಿದ್ರಾ? ಇನ್ನೊಂದೇ ಒಂದು ಸಲ, ಮರೆತುಹೋಗೋ ಮುಂಚೆ!"

ಅವರು ಬೇಡವೆನ್ನುವುದರೊಳಗೆ ಅವಳು ನಿಲ್ದಾಣದ ಮುಂದಿನ ಬಯಲಿನಲ್ಲಿ ಒಂದು ಸುತ್ತು ಹೊಡೆದಿದ್ದಳು. ನಿಂತಳು. ಮತ್ತೆ ಹೊರಟಳು, ಮತ್ತೆ ನಿಂತಳು. ಅಷ್ಟರಲ್ಲಿ ರೈಲು ಬಂತು. ತರಗತಿಯವರು ಸೈಕಲ್ಲುಗಳ ಸಮೇತ ಹತ್ತಿದರು. ಕಿಟಕಿಗಳಿಂದ ಕೈಗಳು ಹೊರಬಂದು ಬೀಸಿದವು, ಯಾರೋ "ಸ್ತಮಾತಾ!" ಎಂದು ಹೆಸರು ಹಿಡಿದು ಕೂಗಿದರು. ಬಾಗಿಲು ಮುಚ್ಚಿಕೊಂಡಿತು. ರೈಲು ಹೊರಟುಹೋಯಿತು.

ಖಾಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೇಷ್ಟ್ರು ಕುಳಿತುಕೊಂಡರು.

"ಮುಂದಿನ ರೈಲು ಯಾವಾಗ, ಸರ್?"

"ಬರುತ್ತೆ. ಬೇಕಾದಷ್ಟು ಹೊತ್ತಿದೆ." ಅವರು ಅವಳು ಚೀಲದಿಂದ ತೆಗೆದುಕೊಟ್ಟ ಬಾದಾಮಿ ಮಿಠಾಯಿಯ ಡಬ್ಬಿಯನ್ನು ಮಡಿಲಿಗೆಳೆದುಕೊಂಡು, ಕಾಲು ಚಾಚಿ, ಕೈಯಿಂದ ಗಾಳಿಯಲ್ಲೊಂದು ಸುತ್ತು ಬರೆದರು. "ಹೂಂ, ಹೋಗು. ಈ ಸಲ ಎಡಕ್ಕೆ ತಿರುಗು."